ಪಂಕ್ತಿಯಲ್ಲಿ ಕೆಂಪು ದೀಪ

ಮಗುವಿಗೆ ಕಿವಿ ಚುಚ್ಚುವಾಗಲೇ ರಕ್ತ ಓದುವ ಪುಟ್ಟ ದೀಪವನ್ನೂ ಕೂರಿಸುವ ಕಾಲವದು. ಮದುವೆಯೂಟದ ಕೊನೆಗೆ ಮಜ್ಜಿಗೆ ಅನ್ನ ಕಲೆಸುತ್ತಿದ್ದ ಪ್ರಾಣೇಶನ ಹೊಟ್ಟೆ ಚುಳ್ಳೆಂದಿತು, ಕಿವಿಯ ಹಳದಿ ದೀಪ ಕೆಂಪಾಯಿತು.

“ರಕ್ತದಾಗ ಬಾವು ತೋರ್ಸೂ ಸಿಆರ್‌ಪಿ ಏರೇದ. ಅಪೆಂಡಿಕ್ಸ್ ಒಡಿಯೂ ಹಂಗದ, ಈಗಿಂದೀಗ ಕೊಯ್ಬೇಕು,” ಎಂದರು ಪಕ್ಕದ ಎಲೆಯ ಸರ್ಜನ್ ಜಯತೀರ್ಥ, ಬೆರಳು ನೆಕ್ಕುತ್ತ.

“ಹಂಗಾರ ಏಳಲೇನ್ರಿ?” ಎಂದ ಪ್ರಾಣೇಶ.

“ಹಿರೇರು ಏಳೂಕಿಂತ ಮೊದಲ? ಎಂಥಾ ಮಾತ್ರೀ!”

ಪಂಕ್ತಿಗೇ ಹಿರಿಯರಾದ ಗುಂಡಾಚಾರ್ಯರು ಇನ್ನೂ ಉಣ್ಣುತ್ತಿದ್ದರು. ಪ್ರಾಣೇಶ ಹೊಟ್ಟೆ ಹಿಡಿದು ಅವರನ್ನೇ ನೋಡಿದ. ಎಂಜಲು ಕೈ ಒಣಗಿಸಿಕೊಂಡು ಇಡೀ ಪಂಕ್ತಿಯೂ ನೋಡಿತು. ಆಚಾರ್ಯರು ಕೊನೆಯ ತುತ್ತು ನುಂಗಿ ತಲೆಯೆತ್ತಿದರು. ಅಷ್ಟೂ ಕಣ್ಣುಗಳು ತಮ್ಮ ಮೇಲಿರುವುದನ್ನು ಕಂಡು ಕರಗಿಹೋದರು.

“ಎಲ್ಲಾರೂ ಇಷ್ಟು ಒತ್ತಾಯ ಮಾಡಲಿಕ್ಕತ್ತೀರಿ, ಒಲ್ಲೆ ಅಂದ್ರ ಛಲೋ ಅಲ್ಲ. ತರ್ರಿ, ಹೋಳಿಗಿ!”