ಅತ್ತಿಗಿಡದ ಮಡು

"ಅತ್ತಿಗಿಡದ ಮಡುವಿನಾಗ ಬಿದ್ದೈತಿ ನೋಡ್ರಿ! ಬಂಡಿಗಲ್ಲಿನ ಮ್ಯಾಲ ಕುಂತು ಗಾಳ ಇಳಿಬಿಟ್ರ ಸಾಕು, ಬ್ಯಾಡಂದ್ರೂ ಕಚ್ಚತಾವ!"

ಗಿರಿಯಪ್ಪನ ಚಹಾದಂಗಡಿಯ ಮುಂದೆ ಹೊಳಬಸಪ್ಪ ಮೊಳದುದ್ದದ ಬಾಳೆಮೀನನ್ನು ಎತ್ತಿ ಹಿಡಿದು ಕೂಗುತ್ತಿದ್ದ. ಒಳಗೆ ಬೆಂಚಿನ ಮೇಲೆ ಬಸಿಯಲ್ಲಿ ಚಹಾ ಹೀರುತ್ತಿದ್ದ ಗುದ್ಲೆಪ್ಪ ದಡಕ್ಕನೆ ಎದ್ದ; ಚಹಾ ಧೋತರದ ಮೇಲೆ ಚೆಲ್ಲಿತು.

ಆ ಮಡು ಅವನದು.

ಕಾಗದದ ಮೇಲಲ್ಲ. ವರದಾ ಹೊಳೆಯ ನೀರು ಯಾರ ಸ್ವತ್ತೂ ಅಲ್ಲ. ಆದರೆ ಆ ದಂಡೆಯಲ್ಲಿ ಗಾಳ ಹಾಕುವವರಿಗೆ ಒಂದು ರೀತಿ ಇತ್ತು. ಮೀನು ಎಲ್ಲಿ ಸಿಕ್ಕಿತೆಂದು ಯಾರಾದರೂ ಕೇಳಿದರೆ "ಹೊಳ್ಯಾಗ" ಎನ್ನಬೇಕು. ಕೇಳಿದವ ನಕ್ಕು ಸುಮ್ಮನಾಗಬೇಕು. ನೀರಿಗಿಳಿಯುವ ದಾರಿಯಲ್ಲಿ ಲಕ್ಕಿ ಗಿಡದ ಕುಡಿಗೆ ಗಂಟು ಹಾಕಿದ್ದರೆ, ಕೆಳಗೆ ಒಬ್ಬ ಕುಳಿತಿದ್ದಾನೆಂದು ತಿಳಿದು ಸದ್ದಿಲ್ಲದೆ ಹಿಂತಿರುಗಬೇಕು. ಗುದ್ಲೆಪ್ಪನ ಅಪ್ಪ ಮಗನನ್ನು ಆ ಬಂಡೆಗಲ್ಲಿನ ಮೇಲೆ ಕೂರಿಸಿ, ಊರಲ್ಲಿ ಇದರ ಹೆಸರೆತ್ತಬೇಡ ಎಂದಿದ್ದ. ಅಪ್ಪನ ನೆನಪಾದಾಗಲೆಲ್ಲ ಗುದ್ಲೆಪ್ಪ ಹೋಗಿ ಕೂರುತ್ತಿದ್ದದ್ದು ಅಲ್ಲೇ. ಆ ಜಾಗವನ್ನು ಅವನು ತೋರಿಸಿದ್ದು ಒಬ್ಬನಿಗೆ ಮಾತ್ರ. ಹೊಳಬಸಪ್ಪನಿಗೆ.

ನಯಾ ಪೈಸೆ ಹೊಸದಾಗಿ ಕೈಗೆ ಬಂದ ಬೇಸಿಗೆ ಅದು. ಹೊಳೆ ಬತ್ತಿ ಮಡುಗಳಲ್ಲಷ್ಟೇ ನೀರಿತ್ತು; ಊರ ಸುತ್ತ ಆಳ ಉಳಿದಿದ್ದದ್ದು ಇದೊಂದರಲ್ಲೇ. ಮಾತು ಹಬ್ಬಲು ತಡವಾಗಲಿಲ್ಲ. ಹತ್ತಿಮತ್ತೂರಿನವರು ಬಂದರು, ಬಂಕಾಪುರದಿಂದ ಸೈಕಲ್ ಹತ್ತಿಯೂ ಬಂದರು. ಲಕ್ಕಿ ಗಿಡದ ಕುಡಿಗಳು ಕಾಲಡಿ ಮುರಿದು ಬಿದ್ದವು. ಬಂಡೆಗಲ್ಲಿನ ಮೇಲೆ ಗುದ್ಲೆಪ್ಪನಿಗೇ ಜಾಗವಿಲ್ಲ.

ವಿಚಿತ್ರವೆಂದರೆ, ಊರನ್ನೆಲ್ಲ ಕರೆದ ಹೊಳಬಸಪ್ಪ ಮಾತ್ರ ಅಲ್ಲಿ ಕಾಣುತ್ತಿರಲಿಲ್ಲ. ಕಳೆದ ಮಳೆಗಾಲದಲ್ಲಿ ಮಗಳು ತೀರಿಕೊಂಡ ಮೇಲೆ ಅವನು ಗುದ್ಲೆಪ್ಪನ ಜೊತೆ ಹೊಳೆಗೆ ಬರುವುದನ್ನೇ ಬಿಟ್ಟಿದ್ದ. ಬೆಳಿಗ್ಗೆ ಸವಣೂರಿನ ಹತ್ತಿ ಬಿಡಿಸುವ ಜಿನ್ನಿಗೆ ಕೂಲಿಗೆ ಹೋದರೆ ಬರುವುದು ಹೊತ್ತು ಮುಳುಗಿದ ಮೇಲೆ. ಬಂದವನೇ ಗಾಳದವರನ್ನು ತಡೆದು ಕೇಳುತ್ತಿದ್ದ: "ಮಧ್ಯಾಹ್ನ ಯಾರು ಕುಂತಿದ್ರಿ? ಎಲ್ಲಾರೂ ಒಮ್ಮೆಲೆ ಎದ್ದು ಬರಬ್ಯಾಡ್ರಪಾ. ದೊಡ್ಡವು ಬರೋದು ಬಿಸಲಾಗನ."

ಅವನ ಹೆಂಡತಿ ಕರೆವ್ವನದು ಇನ್ನೊಂದು ಕಾಟ. ಹೆಂಗಸರು ನೀರು ತುಂಬುವ ಜಾಗ ಊರಿಗೆ ಹತ್ತಿರವಿದ್ದರೂ, ಬಿಸಿಲೇರಿದ ಮೇಲೆ ಕೊಡ ಹಿಡಿದು ಅವಳು ಮಡುವಿನ ತನಕ ಬರುತ್ತಿದ್ದಳು. ಕುಳಿತವರನ್ನು ಒಮ್ಮೆ ನೋಡಿ, ಖಾಲಿ ಕೊಡದೊಂದಿಗೇ ತಿರುಗಿ ಹೋಗುತ್ತಿದ್ದಳು. ತಲೆ ಎಣಿಸಿಕೊಂಡು ಬಾ ಎಂದು ಗಂಡ ಕಳಿಸಿರಬೇಕು, ಎಂದುಕೊಂಡ ಗುದ್ಲೆಪ್ಪ.

ಅಲ್ಲಿಗೆ ಅವನಿಗೆ ಎಲ್ಲ ಸ್ಪಷ್ಟವಾಯಿತು. ಹೊಳಬಸಪ್ಪ ಬೇರೊಂದು ಒಳ್ಳೆಯ ಮಡು ಹುಡುಕಿಕೊಂಡಿದ್ದಾನೆ. ಅತ್ತ ಯಾರೂ ಸುಳಿಯದಿರಲೆಂದು ಜನರನ್ನೆಲ್ಲ ಇಲ್ಲಿ ತುಂಬುತ್ತಿದ್ದಾನೆ.

ಜಿನ್ನಿಗೆ ರಜೆಯಿದ್ದ ದಿನ ಗುದ್ಲೆಪ್ಪ ಅವನ ಬೆನ್ನು ಹತ್ತಿದ. ಹೊಳಬಸಪ್ಪ ಹೊಳೆಯತ್ತ ತಿರುಗಲೇ ಇಲ್ಲ. ನೇರ ಸವಣೂರಿನ ಪೇಟೆಗೆ ನಡೆದು, ಶಹಾಬುದ್ದೀನನ ಬುಟ್ಟಿಯಿಂದ ದೊಡ್ಡದೊಂದು ಬಾಳೆಮೀನು ಆರಿಸಿ, ಟವೆಲಿನಲ್ಲಿ ಸುತ್ತಿಕೊಂಡ.

ಅವನು ಹೋದ ಮೇಲೆ ಗುದ್ಲೆಪ್ಪ ಬುಟ್ಟಿಯ ಮುಂದೆ ಕುಕ್ಕರಿಸಿದ. "ಇವು ಗಾಳದ ಮೀನೇನ್ರಿ?"

"ಗಾಳದ್ದೆಲ್ಲಿದರೀ!" ಶಹಾಬುದ್ದೀನ ಒಂದರ ಬಾಯಿ ಅಗಲಿಸಿ ತೋರಿಸಿದ. "ಹಿರೇಕೆರೂರ ಕಡೆ ಕೆರ್ಯಾಗ ಬಲಿ ಬೀಸಿ ಹಿಡಿದದ್ದು. ನೋಡ್ರಿ, ಎಲ್ಯರ ಗಾಯ ಐತೇನು?"

ಮರುದಿನ ಬೆಳಿಗ್ಗೆ ಹೊಳಬಸಪ್ಪ ಅಂಗಡಿಯ ಮುಂದೆ ಮೀನೆತ್ತಿ ಕೂಗುತ್ತಿದ್ದಂತೆ ಗುದ್ಲೆಪ್ಪ ಅದನ್ನು ಕಿತ್ತುಕೊಂಡ. ಬಾಯಿ ಅಗಲಿಸಿ ಎಲ್ಲರ ಮುಂದೆ ಹಿಡಿದ.

"ಗಾಳ ಕಚ್ಚಿದ್ದಕ್ಕ ಗಾಯ ಎಲ್ಲೈತಲೇ? ಶಹಾಬುದ್ದೀನನ ಬುಟ್ಟಿಯಾಗಿಂದು ಇದು!"

"ಅಯ್ಯ ಇವನ! ನಾವು ಅಲ್ಲಿ ಬಿಸಲಾಗ ಬೇಯಾಕತ್ತೇವಿ, ಬೆರಳುದ್ದದ್ದು ಬಿಟ್ರ ಒಂದೂ ಸಿಗವಲ್ದು," ಎಂದ ಒಬ್ಬ.

"ಇವನ ಮೀನ ಪ್ಯಾಟಿಗೆ ನಡಕೊಂತ ಹೋಗಿತ್ತೇನೋಪಾ," ಎಂದ ಗಿರಿಯಪ್ಪ.

ನಗೆ ಎದ್ದಿತು. ಇನ್ನು ಆ ಮಡುವಿನ ಕಡೆ ತಲೆ ಹಾಕುವುದಿಲ್ಲವೆಂದು ಗಾಳದವರೆಲ್ಲ ಎದ್ದರು. ಮಾತು ಆಗಲೇ ಓಣಿ ದಾಟಿ ಮನೆಮನೆ ಸೇರುತ್ತಿತ್ತು.

ಹೊಳಬಸಪ್ಪ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಮುಖ ಬೂದಿಯಾಗಿತ್ತು. ಸುತ್ತ ನೆರೆದವರತ್ತ ಒಮ್ಮೆ ಕಣ್ಣು ಹಾಯಿಸಿದ. ಆಮೇಲೆ ಗುದ್ಲೆಪ್ಪನ ಕೈ ಹಿಡಿದ.

"ಬೈಯಣ್ಣಾ, ಬೇಕಂದ್ರ ಹೊಡಿ. ಆದ್ರ ಇವತ್ತ ಬಿಸಲೇರೂದ್ರಾಗ ನೀನರ ಹೋಗಿ ಕುಂದ್ರು. ಜಿನ್ನ ತಪ್ಪಿಸಿದ್ರ ನನ್ನ ಕೆಲಸ ಹೋಗತೈತಿ, ನಾ ಬರೂತನಕ ಏಳಬ್ಯಾಡ."

"ನನ್ನ ಮಡುವಿಗೆ ನಾ ಹೋಗಾಕ ನಿನ್ನ ಅಪ್ಪಣೆ ಬೇಕೇನಲೇ?"

"ಹೋಗ್ತೀ ಹೌದಲ್ಲೋ?"

"ಹೋಗ್ತೇನಿ! ನಡಿ ಇಲ್ಲಿಂದ!"

ಆ ಮಾತು ಸಾಕೆಂಬಂತೆ ಹೊಳಬಸಪ್ಪ ಜಿನ್ನಿನ ದಾರಿ ಹಿಡಿದ. ತಿರುವಿನ ತನಕ ಹೊರಳಿ ಹೊರಳಿ ನೋಡಿದ.

ಗೆದ್ದ ಖುಷಿಯಲ್ಲಿ ಗುದ್ಲೆಪ್ಪ ಇನ್ನೊಂದು ಚಹಾ ಕುಡಿದ. ಮತ್ತೊಬ್ಬ ಬಂದ, ಅವನಿಗೂ ಕಥೆ ಹೇಳಿದ. ಎರೆಹುಳು ಅಗೆದುಕೊಂಡು ಹೊಳೆಗೆ ಇಳಿಯುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು.

ಮಡು ನಿಶ್ಶಬ್ದವಾಗಿತ್ತು. ಮೊದಲಿನ ಹಾಗೆಯೇ. ಉಳಿದಿದ್ದ ಒಂದು ಲಕ್ಕಿ ಕುಡಿಗೆ ಅವನು ಪ್ರೀತಿಯಿಂದ ಗಂಟು ಹಾಕಿ ಕೆಳಗಿಳಿದ.

ಬಂಡೆಗಲ್ಲಿನ ಮೇಲೆ ಕೊಡ ಮಗ್ಗುಲಾಗಿ ಬಿದ್ದಿತ್ತು. ಕರೆವ್ವ ಎದೆಮಟ್ಟ ನೀರಿನಲ್ಲಿ ನಿಂತಿದ್ದಳು. ಸೊಂಟಕ್ಕೆ ಬಿಗಿದ ಸೆರಗಿನೊಳಗೆ ಕಲ್ಲುಗಳು ಜೋತುಬಿದ್ದಿದ್ದವು.

ಅವನ ಹೆಜ್ಜೆ ಸಪ್ಪಳಕ್ಕೆ ಅವಳು ತಿರುಗಿದಳು. ಗಾಬರಿಯಿರಲಿಲ್ಲ, ಬರೀ ದಣಿವು. "ಇವತ್ತಿಂದ ಇಲ್ಲಿ ಯಾರೂ ಬರಂಗಿಲ್ಲ ಅಂದ್ರಲ್ಲಣ್ಣಾ?"

ಗಾಳದ ಕೋಲು ಬಿಸುಟು ಗುದ್ಲೆಪ್ಪ ನೀರಿಗೆ ಹಾರಿದ. ಅವಳನ್ನು ದಂಡೆಗೆ ಎಳೆದು ತರುವಷ್ಟರಲ್ಲಿ ಇಬ್ಬರ ಉಸಿರೂ ಹೋಗಿ ಬಂದಿತ್ತು.

ಮರುದಿನ ಗಿರಿಯಪ್ಪನ ಅಂಗಡಿಯ ಮುಂದೆ ಗುದ್ಲೆಪ್ಪ ಮೊಳದುದ್ದದ ಬಾಳೆಮೀನೊಂದನ್ನು ಎತ್ತಿ ಹಿಡಿದು, ತಾನು ನಿನ್ನೆ ಆಡಿದ್ದೆಲ್ಲ ಹೊಟ್ಟೆಕಿಚ್ಚಿನ ಸುಳ್ಳೆಂದೂ, ಬಿಸಿಲೇರುವ ಮೊದಲೇ ಅತ್ತಿಗಿಡದ ಮಡುವಿಗೆ ಎಲ್ಲರೂ ಬರಬೇಕೆಂದೂ ಗಂಟಲು ಹರಿಯುವಂತೆ ಕೂಗುತ್ತಿದ್ದ. ಮೀನಿನ ಬಾಯನ್ನು ಮಾತ್ರ ಹೆಬ್ಬೆರಳಿನಿಂದ ಬಿಗಿಯಾಗಿ ಮುಚ್ಚಿದ್ದ.