ಹಿತ್ತಲಿನ ಜೆಟ್ ಎಂಜಿನ್

ಹಳೇ ಲಾರಿಯ ಟರ್ಬೊ, ಹೆಂಡತಿಯ ಅಕ್ಕಿ ಡಬ್ಬ, ಒಂದು ಗ್ಯಾಸ್ ಸಿಲಿಂಡರ್ ಸೇರಿಸಿ ಸದಾನಂದ ಹಿತ್ತಲಿನ ಶೆಡ್ಡಿನಲ್ಲಿ ಜೆಟ್ ಎಂಜಿನ್ ಕಟ್ಟಿದ್ದ. ಅದು ಮೊದಲ ಸಲ ಹೊತ್ತಿಕೊಂಡು ಕೂಗಿದಾಗ ಬೀದಿನಾಯಿಗಳೆಲ್ಲ ಬಾಲ ಮುದುರಿಕೊಂಡು ಓಡಿದವು. ಪಕ್ಕದ ಮನೆಯ ವೀರಣ್ಣ ಅರ್ಧ ಬೋಳಿಸಿದ ಗಡ್ಡದಲ್ಲೇ ಕಾಂಪೌಂಡಿನ ಹತ್ತಿರ ಓಡಿಬಂದ.

"ಇನ್ನೊಂದ್ಸಲ ಈ ಸದ್ದು ಕೇಳಿದ್ರೆ ಸೀದಾ ಸ್ಟೇಷನ್ನಿಗೇ ಹೋಗ್ತೀನಿ."

ಸದಾನಂದ ಎಂಜಿನ್ನಿಗೆ ಗೋಣಿ ಹೊದಿಸಿ, ಮುಖ ಊದಿಸಿಕೊಂಡು ಓಡಾಡಿದ. ವಾರ ಕಳೆದಿರಲಿಲ್ಲ, ವೀರಣ್ಣ ಮತ್ತೆ ಕಾಂಪೌಂಡಿನ ಮೇಲಿಂದ ಇಣುಕಿದ. ಈ ಸಲ ದನಿ ಮೆತ್ತಗಿತ್ತು.

"ನಿಮ್ಮ ಎಂಜಿನ್ ಈಗ್ಲೂ ಓಡುತ್ತಾ?"

"ಓಡುತ್ತೆ. ಯಾಕೆ?"

"ನನ್ನ ಭಾಮೈದ ಬಂದು ಕೂತಿದ್ದಾನೆ. ಎರಡು ದಿನ ಅಂತ ಬಂದೋನು, ಹೊರಡೋ ಲಕ್ಷಣಾನೇ ಇಲ್ಲ. ನಾನು ಬಾಯಿಬಿಟ್ಟು ಹೇಳಿದ್ರೆ ಮನೇಲಿ ರಾಮಾಯಣ ಆಗುತ್ತೆ. ನೀವು ಒಂದರ್ಧ ಗಂಟೆ ಓಡ್ಸಿ, ಅವನಾಗೇ ಜಾಗ ಖಾಲಿ ಮಾಡ್ತಾನೆ."

ಸದಾನಂದನಿಗೆ ಇನ್ನೊಂದು ಸಲ ಹೇಳಬೇಕಾಗಲಿಲ್ಲ. ಗೋಣಿ ಕಿತ್ತೆಸೆದು, ಬ್ಲೋವರಿನಿಂದ ಗಾಳಿ ಊದಿ, ಗ್ಯಾಸ್ ತಿರುಗಿಸಿ ಕಿಡಿ ಕೊಟ್ಟ. ಕಿಟಕಿಯ ಗಾಜು ನಡುಗುವ ಹಾಗೆ ಎಂಜಿನ್ ಕೂಗಿತು.

ವೀರಣ್ಣನ ಮನೆಯ ಬಾಗಿಲು ದಡಾರನೆ ತೆರೆಯಿತು. ಭಾಮೈದ ಲುಂಗಿ ಎತ್ತಿಕಟ್ಟಿ ಕಾಂಪೌಂಡ್ ಹಾರಿ ಬಂದವನು ಎಂಜಿನ್ನಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಕಣ್ಣರಳಿಸಿ ನೋಡಿದ್ದೇ ನೋಡಿದ್ದು. ಆಮೇಲೆ ವೀರಣ್ಣನ ಕಡೆ ತಿರುಗಿ, ಆ ಸದ್ದನ್ನೂ ಮೀರಿಸಿ ಕೂಗಿ ಹೇಳಿದ:

"ಭಾವ, ಅಕ್ಕಂಗೆ ಹೇಳ್ಬಿಡಿ, ಇದನ್ನ ನಿಮ್ಮ ಸ್ಕೂಟರಿಗೆ ಕೂರ್ಸೋವರೆಗೂ ನಾನು ಊರಿಗೆ ಹೋಗಲ್ಲ."