ರಾಜನ ಪಕ್ಕದಲ್ಲಿ ರಾಣಿ

ಅಂಗನವಾಡಿಯ ಮಕ್ಕಳು ತಮ್ಮ ತಮ್ಮ ಗಾಲಿ ಹಚ್ಚಿದ ಗಾಜಿನ ಗೂಡುಗಳೊಳಗೇ ನಡೆದು ಬಂದು ಮೇಜಿನ ಸುತ್ತ ನಿಂತರು. ಶಕುಂತಲಾ ಟೀಚರ್ ತಮ್ಮ ಗೂಡಿನ ರಬ್ಬರ್ ತೋಳುಗಳೊಳಗೆ ಕೈ ತೂರಿಸಿ ಚಾಚಿ, ಮರದ ರಾಜ-ರಾಣಿ ಗೊಂಬೆಗಳನ್ನೂ ಒಂದಷ್ಟು ಡಬ್ಬಿ, ಲೋಟಗಳನ್ನೂ ಹರಡಿದರು. ಡಬ್ಬಿಯ ಒಳಗೆ, ಮಣೆಯ ಮೇಲೆ, ಮಣೆಯ ಕೆಳಗೆ, ಎಲ್ಲವನ್ನೂ ಮಕ್ಕಳು ಗೊಂಬೆ ಇಟ್ಟು ತೋರಿಸಿದರು.

“ಭುವನಾ, ಈಗ ರಾಜನ ಪಕ್ಕದಲ್ಲಿ ರಾಣೀನ ಇಡು ನೋಡೋಣ.”

ಭುವನಾ ರಾಜನ ಮೇಲೊಂದು ಗಾಜಿನ ಲೋಟ ಕವುಚಿದಳು, ರಾಣಿಯ ಮೇಲೊಂದು. ಆಮೇಲೆ ಲೋಟಕ್ಕೆ ಲೋಟ ತಾಗಿಸಿಟ್ಟಳು.

ಟೀಚರಿಗೆ ತಾವು ಓದಿದ ಶಾಲೆಯ ಬೆಂಚು ನೆನಪಾಯಿತು. ಮೂವರ ಜಾಗದಲ್ಲಿ ಐವರು ಒತ್ತಿಕೊಂಡು ಕೂರುತ್ತಿದ್ದರು. ಪಕ್ಕದವಳ ಜಡೆಯಿಂದ ಹರಳೆಣ್ಣೆಯ ವಾಸನೆ ಬರುತ್ತಿತ್ತು.

“ಹೀಗಲ್ಲ ಪುಟ್ಟಿ” ಎಂದು ಲೋಟಗಳನ್ನು ತೆಗೆದು, ಗೊಂಬೆಗಳನ್ನು ಭುಜಕ್ಕೆ ಭುಜ ತಾಗುವಂತೆ ಇಟ್ಟರು.

ಭುವನಾ ಕಿಟಾರನೆ ಕಿರುಚಿದಳು. “ಲೋಟ ತೆಗೀಬೇಡಿ ಟೀಚರ್! ಸತ್ತೋಗ್ತಾರೆ!”

ಉಳಿದ ಮಕ್ಕಳೂ ಅಳತೊಡಗಿದರು. ಟೀಚರ್ ಗಡಿಬಿಡಿಯಲ್ಲಿ ಲೋಟಗಳನ್ನು ಮತ್ತೆ ಕವುಚಿದರು.

“ಆಯ್ತು ಕಂದಾ, ಅಳಬೇಡ. ನೀನು ಇಟ್ಟಿದ್ದೇ ಸರಿ.”

ಭುವನಾ ಬಿಕ್ಕುತ್ತಲೇ ಬಂದು ತನ್ನ ಗೂಡನ್ನು ಟೀಚರ್ ಗೂಡಿಗೆ ತಾಗಿಸಿ ನಿಂತಳು. ಟೀಚರ್ ಕೈ ಚಾಚಿ, ಅವಳ ಕೆನ್ನೆ ಕಾಣುವಲ್ಲಿ ಗಾಜನ್ನು ಒರೆಸಿದರು.